ನನ್ನ ಕುರ್ಚಿಯ ಮೇಲಿನ ದಿಂಬು

ಅಪ್ಪಾ,

ಔಷಧಿ ಅಂಗಡಿಯಲ್ಲಿ ಇವತ್ತೂ ನನಗೇ ಸಂಜೆ ಪಾಳಿ, ಹೊರಟೆ. ಫುಟ್‌ಬಾಲ್ ಫೈನಲ್ ಮ್ಯಾಚು ಟಿವಿಯಲ್ಲಿ ನೇರವಾಗಿ ಬರುವ ಹಾಗೆ ಮಾಡಿಟ್ಟಿದ್ದೇನೆ. ರಿಮೋಟಿನ ಕೆಂಪು ಬಟನ್ ಮಾತ್ರ ಮುಟ್ಟಬೇಡ. ಹೋದ ಸಲ ಅದನ್ನು ಒತ್ತಿ ನೀನು ಅರ್ಧ ಆಟ ಕಳೆದುಕೊಂಡೆ.

ಮ್ಯಾಚು ತೋರಿಸುವ ಆ್ಯಪಿನಲ್ಲಿ ನನ್ನ ಅಕೌಂಟು ಒಂದು ಸಲಕ್ಕೆ ಒಂದೇ ಕಡೆ ನಡೆಯೋದು. ನೀನು ಟಿವಿಯಲ್ಲಿ ನೋಡಿದರೆ ನನ್ನ ಫೋನಿನಲ್ಲಿ ಬರಲ್ಲ. ಇರಲಿ, ನಿನ್ನ ಈ ಮೊಣಕಾಲು ಇಟ್ಟುಕೊಂಡು ಮೈದಾನಕ್ಕಂತೂ ನೀನು ಹೋಗಲಾರೆ, ನೀನೇ ನೋಡು.

ತಂಗಿಯ ಗಂಡನೂ ಬರುತ್ತಾನಂತೆ. ಬರಲಿ. ಮದುವೆಗೆ ಮುಂಚೆ ಚೆಂಡು ದುಂಡಗಿರುತ್ತೆ ಅಂತಲಾದರೂ ಅವನಿಗೆ ಗೊತ್ತಿತ್ತೋ ಇಲ್ಲವೋ! ಈಗ "ಮಾವ, ಅದು ಆಫ್‌ಸೈಡ್ ಅಲ್ವಾ?" ಅಂದರೆ ಸಾಕು, ನೀನು ಕರಗಿ ನೀರಾಗುತ್ತೀಯ. ನನಗೆ ಮಾತ್ರ ಈ ಆಟ ಬೈದು ಬೈದೇ ಕಲಿಸಿದೆ.

ಅವನಿಗೆ ಸ್ಟೂಲು ಕೊಡು. ನನ್ನ ಕುರ್ಚಿಯ ಮೇಲೆ ದಿಂಬು ಇಟ್ಟಿದ್ದೇನೆ, ತೆಗೆಯಬೇಡ. ಗೋಲಾದ ಕೂಡಲೇ ಪಕ್ಕದಲ್ಲಿದ್ದವರ ಬೆನ್ನಿಗೆ ಗುದ್ದುವ ಚಾಳಿ ನಿನ್ನದು. ಇವತ್ತು ದಿಂಬಿಗೆ ಗುದ್ದು, ಅವನ ಬೆನ್ನಿಗಲ್ಲ.

ಬಂದು ನೋಡುತ್ತೇನೆ. ದಿಂಬು ಚಪ್ಪಟೆಯಾಗಿರಬೇಕು.

ದೊಡ್ಡವಳು