ಹುಣ್ಣಿಮೆ ದಿನದ ಹಾಜರಿ

ಆನಂದಪುರ
ನವೆಂಬರ್ ೧೪, ಶುಕ್ರವಾರ

ನನ್ನ ಅಮ್ಮಾ,

ಜ್ವರ ಬಿಟ್ಟಿತಾ? ಗಾಯ ಒಣಗುತ್ತಿದೆಯಾ? ಬಲಗೈಯ ಮೂರು ಬೆರಳು ಕಳೆದುಕೊಂಡವಳನ್ನು ಹೇಗಿದ್ದೀಯ ಅಂತ ಕೇಳುವುದಕ್ಕೂ ಸಂಕಟವಾಗುತ್ತದೆ, ಆದರೂ ಕೇಳುತ್ತಿದ್ದೇನೆ. ಎಮ್ಮೆ ನನಗೂ ಹಾಲು ಕೊಡುತ್ತಿದೆ, ನಿನಗೆ ಕೊಡುವಷ್ಟು ಅಲ್ಲ, ಅದಕ್ಕೂ ಕೊಬ್ಬು. ಫೋನ್ ಇರುವಾಗ ಕಾಗದ ಯಾಕೆ ಅಂತ ಬೈಯಬೇಡ. ಎರಡು ದಿನದಿಂದ ಆಸ್ಪತ್ರೆಯಲ್ಲಿ ನಿನ್ನ ಫೋನ್ ಎತ್ತುತ್ತಿರುವುದು ನಮ್ಮ ಅಡಿಕೆ ಹಾಳೆತಟ್ಟೆ ಕಾರ್ಖಾನೆಯ ಮ್ಯಾನೇಜರ್ ಮಧುಸೂದನ. "ಅಮ್ಮ ಮಲಗಿದಾರೆ, ಎಂತ ಹೇಳ್ಬೇಕು ಹೇಳಮ್ಮ" ಅನ್ನುತ್ತಾರೆ. ಏಳು ವರ್ಷ ನಿನ್ನನ್ನು "ಏ ಶೇಷಮ್ಮ" ಅಂತ ಕೂಗಿದವರ ಬಾಯಲ್ಲಿ ಅಮ್ಮ ಅಂತ ಬಂದರೆ ನನಗೆ ಅನುಮಾನ. ಅದಕ್ಕೇ ಇದನ್ನು ನಮ್ಮ ಕೇರಿಯ ಕಿರಣಣ್ಣನ ಕೈಯಲ್ಲಿ ಸಾಗರದ ಆಸ್ಪತ್ರೆಗೆ ಕಳಿಸುತ್ತಿದ್ದೇನೆ. ಮಧುಸೂದನ ಚಹಾಕ್ಕೆ ಹೋದಾಗ ಕಿರಣಣ್ಣನಿಂದ ಓದಿಸಿಕೊ.

ಇಲ್ಲಿ ಎಲ್ಲರೂ ದಿಢೀರನೆ ಒಳ್ಳೆಯವರಾಗಿದ್ದಾರೆ. ಮಾಲೀಕರು ಮನೆಗೇ ಬಂದು ಸೇಬು ಕೊಟ್ಟು ಹೋದರು. ಗೋಡೆಗೆ "ಸುರಕ್ಷತೆ ಮೊದಲು" ಅಂತ ಬೋರ್ಡು, ನಮಗೆಲ್ಲ ಹೊಸ ಕೈಗವಸು. ಎರಡು ವರ್ಷ ಕೇಳಿದಾಗ ಎಲ್ಲಿದ್ದವೋ. ನಿನ್ನ ಯಂತ್ರದ ಬಲಗಡೆ ಗುಂಡಿಗೆ ಸುತ್ತಿದ್ದ ಟೇಪು ಮಾತ್ರ ನಿನ್ನ ಕೈ ಸಿಕ್ಕಿದ ಮಾರನೆಯ ದಿನವೇ ಮಾಯ. ಎರಡೂ ಗುಂಡಿಯನ್ನು ಎರಡೂ ಕೈಯಲ್ಲಿ ಒತ್ತಿದರೆ ಮಾತ್ರ ಬಿಸಿ ಅಚ್ಚು ಇಳಿಯಬೇಕು, ಆಗ ಕೈ ಒಳಗೆ ಸಿಗುವುದಿಲ್ಲ. ಆ ಗುಂಡಿಗೆ ಹಾಳೆ ಚೂರು ಸಿಕ್ಕಿಸಿ ಟೇಪು ಸುತ್ತಿಸಿದ್ದು ಮಧುಸೂದನರೇ. ಎಡಗೈ ಒತ್ತುತ್ತಿರಲಿ, ಬಲಗೈ ಹಾಳೆ ಇಡುತ್ತಿರಲಿ, ಕೆಲಸ ಬೇಗ ಆಗಲಿ ಅಂತ. ಈಗ ಕೇಳಿದರೆ, ಯಾವ ಟೇಪು ಅನ್ನುತ್ತಾರೆ.

ನಿನ್ನೆ ಸಂಜೆ ಮಧುಸೂದನ ಸಾಗರದಿಂದ ಬಂದು ನಮ್ಮ ಮುಂದೆ ಒಂದು ಪುಸ್ತಕ ಇಟ್ಟರು. "ಸೋಮವಾರ ಲೇಬರ್ ಆಫೀಸಿನವ್ರು ಬರ್ತಾರೆ, ಸುಮ್ನೆ ಒಂದ್ ಸೈನು" ಅಂದರು. ಯಂತ್ರದ ತರಬೇತಿ ಕೊಟ್ಟಿದ್ದಾರೆ, ಎರಡೂ ಗುಂಡಿ ಒತ್ತಬೇಕೆಂದು ತಿಳಿಸಿದ್ದಾರೆ ಅಂತ ಅದರಲ್ಲಿ ಬರೆದಿದೆ. ಕೊನೆಗೆ ನಿನ್ನ ಹೆಸರಿದೆ, ಎದುರಿನ ಜಾಗ ಖಾಲಿ. ಅಲ್ಲಿ ನಿನ್ನ ಎಡಗೈ ಹೆಬ್ಬೆಟ್ಟು ಬಿದ್ದರೆ, ಹೇಳಿಕೊಟ್ಟರೂ ನೀನೇ ತಪ್ಪು ಮಾಡಿದೆ ಅಂತಾಗುತ್ತದೆ. ಪರಿಹಾರವೂ ಇಲ್ಲ, ಕೇಳುವವರೂ ಇಲ್ಲ.

ಆದರೆ ತಾರೀಖು ಹಾಕುವಾಗ ಎಡವಿದ್ದಾರೆ. ತಟ್ಟೆ ಮಾಡಿದ ದಿನ ತರಬೇತಿ ಕೊಟ್ಟೆವು ಅಂದರೆ ಯಾರೂ ನಂಬುವುದಿಲ್ಲವಲ್ಲ, ಲೆಕ್ಕದಲ್ಲಿ ಒಂದೂ ತಟ್ಟೆ ಆಗದ ದಿನ ಹುಡುಕಿ ಅಕ್ಟೋಬರ್ ಏಳು ಅಂತ ಬರೆದಿದ್ದಾರೆ. ಅವತ್ತು ಯಾಕೆ ಆಗಿರಲಿಲ್ಲ ಅಂತ ಯೋಚಿಸಲಿಲ್ಲ. ಅದು ನಮ್ಮ ಭೂಮಿ ಹುಣ್ಣಿಮೆ! "ಭೂಮ್ತಾಯಿ ಬಯಕೆ ದಿನ ಬೇರೆ ಕೆಲ್ಸ ಎಂತದೂ ಇಲ್ಲ" ಅಂತ ನೀನೇ ಎಲ್ಲರಿಗೂ ಹೇಳಿಬಂದಿದ್ದೆ. ಹದಿನಾಲ್ಕು ಹೆಂಗಸರೂ ನಮ್ಮ ಕೇರಿಯವರೇ, ಹದಿನಾಲ್ಕೂ ಜನ ಗದ್ದೆಯಲ್ಲಿ ಪೈರಿನ ಪೂಜೆಗೆ ಇದ್ದೆವು.

ಮಾಸ್ತಪ್ಪಜ್ಜ ನಿನ್ನನ್ನು ಕೇಳುತ್ತಾನೆ. ಪಕ್ಕದ ಮಂಚದ ಅಜ್ಜಿಗೆ ನನ್ನ ನಮಸ್ಕಾರ ಹೇಳು. ಬೇಗ ಮನೆಗೆ ಬಾ.

ನಿನ್ನ ಮಗಳು
ಸೌಜನ್ಯ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಆ ಪುಸ್ತಕದಲ್ಲಿ ಮೂರನೆಯ ಸಹಿ ನನ್ನದು. ತಾರೀಖು ನೋಡಿದ್ದು ಹಾಕಿದ ಮೇಲೆ. ಕ್ಷಮಿಸು ಅಮ್ಮಾ. ಸೋಮವಾರ ಆಫೀಸಿನವರ ಮುಂದೆ ಅದು ಸುಳ್ಳು ಅಂತ ನಾನೇ ಹೇಳುತ್ತೇನೆ, ಕೆಲಸ ಹೋದರೆ ಹೋಗಲಿ. ಅವತ್ತು ಗದ್ದೆಯಲ್ಲಿ ತೆಗೆದ ಫೋಟೊ ನನ್ನ ಫೋನಿನಲ್ಲಿದೆ. ನೀನು ಎರಡೂ ಕೈಯಲ್ಲಿ ಬುಟ್ಟಿ ಹಿಡಿದಿದ್ದೀಯ, ಹತ್ತೂ ಬೆರಳು ಕಾಣುತ್ತವೆ. ಸೋಮವಾರದವರೆಗೆ ಯಾರು ಏನೇ ಹೇಳಲಿ, ನಿನ್ನ ಎಡಗೈ ಕಂಬಳಿಯ ಒಳಗೇ ಇರಲಿ.