ಟೈಲ್ಸ್ ಸಂದಿನ ಉಪ್ಪು

೧೨-೧೧-೨೦೧೮, ಸೋಮವಾರ
ಎದ್ದು ನೋಡಿದ್ರೆ ನಡುಮನೆ ಟೈಲ್ಸ್ ಸಂದೀಲಿ ಮತ್ತೆ ಬಿಳಿ ಪುಡಿ. ನಿನ್ನೆ ತಾನೇ ಉಜ್ಜಿದ್ದೆ! ಬೆರಳಿಗೆ ಉಪ್ಪಿನಂಗೆ ಹತ್ತುತ್ತೆ. ನಮ್ಮ ಯಜಮಾನ್ರು ಕುಕ್ಕರಗಾಲಲ್ಲಿ ಕೂತು ನೋಡಿದ್ರು. ಇಷ್ಟು ವರ್ಷ ಮೇಸ್ತ್ರಿ ಕೈಕೆಳಗೆ ದುಡಿದು, ಈಗ ಸ್ವಂತಕ್ಕೆ ಟೈಲ್ಸ್ ಕೆಲಸ ಹಿಡಿಯೋಕೆ ಹೊರಟವ್ರೆ. ತೋರಿಸೋಕೆ ಇರೋದು ದೀಪಾವಳಿಗೆ ಮುಂಚೆ ತಾವೇ ಹಾಕಿದ ಈ ನೆಲ ಒಂದೇ. ಮುಂದಿನ ವಾರದ ಶುಕ್ರವಾರ ಹಾರೋಹಳ್ಳಿ ಫಿರೋಜಾ ಮೇಡಂ ನೋಡೋಕೆ ಬತ್ತಾರೆ. ಒಪ್ಪಿದ್ರೆ ಅವರ ಹೊಸ ಮನೆ ಕೆಲಸ ಪೂರ್ತಿ ಇವರಿಗೆ.
"ಇದನ್ನ ನೋಡುದ್ರೆ ಯಾರ್ ಕೆಲ್ಸ ಕೊಟ್ಟಾರು" ಅಂದ್ರು ಇವರು.

೧೪, ಬುಧವಾರ
ಇವರು ಆಸಿಡ್ ಹಾಕಿ ತೊಳೆದ್ರು. ಲಕಲಕ. ಒಣಗಿದ ಮೇಲೆ ಅದೇ ರಾಗ ಅದೇ ತಾಳ.

೧೬, ಶುಕ್ರವಾರ
ಅತ್ತೆ ಪ್ರತಿ ಶುಕ್ರವಾರದಂಗೆ ಸೆರಗು ಸಿಕ್ಕಿಸಿ, ಬಕೆಟ್ ಮೇಲೆ ಬಕೆಟ್ ಸುರಿದು ಮನೆಯೆಲ್ಲ ತೊಳೆದ್ರು. ಈ ವಯಸ್ಸಲ್ಲಿ ಆ ತೋಳಿನ ಬಲ! ನಮ್ಮೂರು ಮರಳವಾಡೀಲಿ ನಮ್ಮತ್ತೆ ಯಲ್ಲಮ್ಮನಷ್ಟು ಚೊಕ್ಕಟವಾಗಿ ಮನೆ ಇಟ್ಕೊಂಡೋರು ಇಲ್ಲ. ನಾನು ಏಳು ಜನ್ಮಕ್ಕೂ ಆ ಥರ ಆಗಲ್ಲ.

೧೮, ಭಾನುವಾರ
ಕಸ ತೆಗೆಯೋಕೆ ಅಂತ ಬೀರು ಸರಿಸಿದೆ. ಅದರ ಕೆಳಗೆ ಸಂದು ಶುದ್ಧ... ಒಂದು ಚೂರೂ ಬಿಳಿ ಇಲ್ಲ! ತುಕ್ಕು ಹಿಡಿಯುತ್ತೆ ಅಂತ ಅತ್ತೆ ಆ ಮೂಲೆಗೆ ನೀರು ಹಾಕಲ್ಲ. ಅಂದ್ರೆ — ನೀರು ಒಳಗಿಳಿದು, ಸಿಮೆಂಟಿನ ಉಪ್ಪನ್ನ ಮೇಲಕ್ಕೆ ತರ್ತಾ ಐತೆ. ಇವರಿಗೆ ಹೇಳಿದೆ. "ಹೌದು ಕಣೇ. ಅವ್ವಂಗೆ ಹೇಳೋರ್ಯಾರು?" ಬೆಕ್ಕಿಗೆ ಗಂಟೆ ಕಟ್ಟೋ ಕೆಲಸ ನನ್ನ ತಲೆಗೇ ಬಂತು. ಊಟಕ್ಕೆ ಕೂತಾಗ ಅತ್ತೆಗೆ ಹೇಳೇಬಿಟ್ಟೆ.
"ಶುಕ್ರವಾರ ನೀರ್ ಹಾಕ್ದಿದ್ರೆ ಲಕ್ಷ್ಮಿ ಬತ್ತಾಳೇನಮ್ಮಿ? ತಪ್ಪೆಲ್ಲ ನನ್ ಮ್ಯಾಲೇ ಹೊರುಸ್ತೀಯಾ?" ತಟ್ಟೆ ತಳ್ಳಿ ಎದ್ದು ಹೋದ್ರು.

೨೨, ಗುರುವಾರ
ಅತ್ತೆ ನನ್ನ ಜೊತೆ ಮಾತು ಬಿಟ್ಟವ್ರೆ. ಇವರು ಒಣ ಬ್ರಶ್‌ನಲ್ಲಿ ಉಜ್ಜಿದ್ದೇ ಉಜ್ಜಿದ್ದು. ನೆಲ ಒಣಗಲಿ ಅಂತ ಫ್ಯಾನ್ ತಿರುಗ್ತಾನೇ ಐತೆ. ನಾಳೆ ಬೆಳಿಗ್ಗೆ ಅತ್ತೆ ಬಕೆಟ್ ನೀರು ಸುರಿದ್ರೆ ಮುಗೀತು.

೨೩, ಶುಕ್ರವಾರ, ಸಂಜೆ
ಬಕೆಟ್ ನೀರು ಬೀಳ್ಲಿಲ್ಲ. ಅತ್ತೆ ಬಾಗಿಲಿಗೆ ಮಾತ್ರ ನೀರು ಹಾಕಿ ರಂಗೋಲಿ ಬಿಟ್ರು. ಒಳಗೆ ಗಟ್ಟಿಯಾಗಿ ಹಿಂಡಿದ ಬಟ್ಟೇಲಿ ಒರೆಸಿದ್ರು. ನನ್ನ ಕಡೆ ತಿರುಗೂ ನೋಡ್ಲಿಲ್ಲ.
ಮೇಡಂ ಬಂದ್ರು. ಎಲ್ಲ ಚೆನ್ನಾಗಿತ್ತು. ಕಿಟಕಿ ಹತ್ರ ಬಗ್ಗಿ, "ಇದೇನ್ರೀ ಬಿಳಿ? ಕೆಲಸ ನೆಟ್ಟಗಾಗಿಲ್ವಾ?" ಇವರ ಮುಖ ಬಿದ್ದುಹೋಯ್ತು. ನಾನು ಬಾಯಿ ತೆರೆಯೋದ್ರೊಳಗೆ ಅತ್ತೆ ಮುಂದೆ ಬಂದ್ರು.
"ಅದು ನನ್ ಕೆಲ್ಸ ಕಣವ್ವಾ. ಒಣಗಾಕೂ ಬುಡ್ದಂಗೆ ನೀರ್ ಸುರ್ದೋಳು ನಾನು. ಸೊಸೆ ಬುದ್ಧಿ ಹೇಳುದ್ಲು, ನಾನೇ ಕೇಳ್ನಿಲ್ಲ. ತಪ್ಪು ನಂದು. ನನ್ ಮಗನ ಕೈಯಾಗೆ ಐಬಿಲ್ಲ."
ಅಯ್ಯೋ ದೇವರೇ! ಊರಿಗೇ ಬಗ್ಗದ ನಮ್ಮತ್ತೆ, ಗುರುತಿಲ್ಲದೋರ ಎದುರಿಗೆ! ಕಾಲಿಗೆ ಬೀಳಬೇಕು ಅನ್ನಿಸ್ತು.
ಮೇಡಂ ನಕ್ಕುಬಿಟ್ರು. "ನಮ್ಮತ್ತೇನೂ ಹಿಂಗೇ ಸುರೀತಾರೆ, ನನ್ನ ಮಾತು ಕೇಳಲ್ಲ. ಸೋಮವಾರ ಕೆಲಸ ಶುರು ಮಾಡಿ ಕರಿಯಪ್ಪ. ಬರೋವಾಗ ನಿಮ್ಮಮ್ಮನ್ನೂ ಕರ್ಕೊಂಡು ಬನ್ನಿ, ನಮ್ಮತ್ತೆಗೆ ಇವರೇ ಹೇಳಲಿ."
ಇವರು ಕುಣಿಯೋದೊಂದು ಬಾಕಿ. ಅತ್ತೆ ಮಾತ್ರ ಹಿತ್ತಲಲ್ಲಿ ಒಬ್ರೇ ಕೂತವ್ರೆ. ಸೆರಗು ಕಣ್ಣ ಮೇಲೈತೆ. ನಾನೇ ಎದ್ದು ಹೋಗಬೇಕು. ಹೋಗಿ ಏನ್ ಹೇಳ್ಲಿ? ಅತ್ತೆ, ನಿಮ್ಮಂಥೋರು ಈ ಊರಲ್ಲೇ ಇಲ್ಲ ಅಂತೀನಿ.