ಸ್ಟೇರಿಂಗ್ ಹಿಡಿದವನ ಹೆಸರು

ಅಗರಖೇಡ, ತಾ. ಇಂಡಿ
ಭಾನುವಾರ, ೧೨ ಜನವರಿ ೨೦೨೫

ಮಗಾ ತಬ್ರೇಜ,

ಪ್ರೀತಿಯ ಎಂದು ಬರೆಯಲು ಎರಡು ಸಲ ಪೆನ್ನು ಊರಿದೆ, ಕೈ ಮುಂದೆ ಹೋಗಲಿಲ್ಲ. ಆದರೂ ತಂದೆಯಾದವನು ಮೊದಲು ಕೇಳಬೇಕಾದ್ದನ್ನೇ ಕೇಳುತ್ತೇನೆ. ಟ್ರ್ಯಾಕ್ಟರ್‌ನಿಂದ ಜಿಗಿದಾಗ ಕಿತ್ತುಹೋದ ಮೊಣಕೈ ಒಣಗಿತೇ? ಊಟ ಸೇರುತ್ತಿದೆಯೇ? ಸೈದಾಬಿ ಮಾಮಿ ಖಾರ ಹೆಚ್ಚು ಹಾಕುತ್ತಾಳೆ, ಹೊಟ್ಟೆ ನೋಡಿಕೊಂಡು ತಿನ್ನು. ನಿನ್ನ ತಾಯಿ ಅಬಿದಾ ರೊಟ್ಟಿ ಬಡಿಯುತ್ತಲೇ ಅಳುತ್ತಾಳೆ, ಕೇಳಿದರೆ ಒಲೆಯ ಹೊಗೆ ಎನ್ನುತ್ತಾಳೆ. ನನ್ನ ತಲೆಯ ಏಳು ಹೊಲಿಗೆ ಮೊನ್ನೆ ಬಿಚ್ಚಿದರು. ಫೋನ್ ಮಾಡದೆ ಕಾಗದ ಯಾಕೆ ಬರೆಯುತ್ತಿದ್ದೇನೆಂದರೆ, ನಿನ್ನ ದನಿ ಕೇಳಿದರೆ ನನ್ನ ಬಾಯಿಂದ ಬರೀ ಬೈಗುಳ ಬರುತ್ತದೆ, ಎದುರಿಗೆ ಸಿಕ್ಕರೆ ಕೈ ಮುಂದಾಗುತ್ತದೆ. ಕಾಗದದಲ್ಲಾದರೆ ಹೇಳಬೇಕಾದ್ದನ್ನು ಪೂರಾ ಹೇಳಬಹುದು.

ನಾಳೆ ಸೋಮವಾರ ಠಾಣೆಯಲ್ಲಿ ನನ್ನ ಹೇಳಿಕೆ ಇದೆ. ಟ್ರ್ಯಾಕ್ಟರ್ ನನ್ನ ಹೆಸರಿನಲ್ಲಿದೆ, ಅದನ್ನು ಹೊಡೆಯುತ್ತಿದ್ದವನು ಯಾರು ಎಂದು ನಾನು ಹೇಳಬೇಕು. ನಿನ್ನನ್ನು ಮುದ್ದೇಬಿಹಾಳದ ತನ್ನ ಮನೆಯಲ್ಲಿ ಬಚ್ಚಿಟ್ಟು ಬಂದ ಮರುದಿನವೇ ನಿನ್ನ ಯಾಕೂಬಸಾಬ ಮಾಮಾ ನನ್ನ ಹಾಸಿಗೆಯ ಪಕ್ಕ ಕೂತು ಹೇಳಿದ, "ಹುಡುಗನ ಹತ್ರ ಲೈಸೆನ್ಸ್ ಇಲ್ಲ, ಕುಡದಿದ್ದ. ನಿಮ್ಮ ಹತ್ರ ಲೈಸೆನ್ಸ್ ಐತಿ, ಮೂವತ್ತು ವರ್ಷ ಗಾಡಿ ಹೊಡದೀರಿ. ನಾನಾ ಹೊಡಿತಿದ್ನಿ ಅಂತ ಹೇಳಿಬಿಡ್ರಿ, ಹುಡುಗನ ಜನ್ಮ ಉಳಿತೈತಿ." ನಮ್ಮ ಕಡೆ ಇದೇನು ಹೊಸದಲ್ಲ. ಮಗ ಗುದ್ದಿದರೆ ತಂದೆಯ ಹೆಸರು, ತಮ್ಮ ಗುದ್ದಿದರೆ ಅಣ್ಣನ ಹೆಸರು. ಮನೆಯಲ್ಲಿ ಲೈಸೆನ್ಸ್ ಇದ್ದವನು ಮುಂದೆ ಹೋಗಿ ನಿಲ್ಲುತ್ತಾನೆ. ನಾನೂ ಹೂಂ ಅಂದಿದ್ದೆ. ಮೂವತ್ತು ವರ್ಷ ಲಾರಿ ಹೊಡೆದು ಒಂದು ನಾಯಿಯನ್ನೂ ಕೊಲ್ಲದ ನಾನು, ನೆರೆಮನೆಯ ಸಿದ್ಧರಾಮ ಕಾಕಾನ ಹೆಂಡತಿ ಸಾವಂತ್ರವ್ವನನ್ನು ಕೊಂದದ್ದು ನಾನೇ ಎನ್ನಲು ತಯಾರಾಗಿದ್ದೆ.

ನೀನು ಕಬ್ಬಿನೊಳಗೆ ಓಡಿಹೋದೆ, ಆಮೇಲಿನದು ನಿನಗೆ ಗೊತ್ತಿಲ್ಲ. ಯಾರೂ ನಿನಗೆ ಹೇಳಿಯೂ ಇರುವುದಿಲ್ಲ. ನಾನು ಹೇಳುತ್ತೇನೆ, ಓದು. ಮಧ್ಯಾಹ್ನ ಹನ್ನೆರಡರ ಬಿಸಿಲು. ಸಿದ್ಧರಾಮ ಕಾಕಾ ಇಂಡಿಯಲ್ಲಿ ಲಿಂಬೆ ಮಾರಿ, ಉಳಿದ ಅರ್ಧ ಚೀಲವನ್ನು ಸಾವಂತ್ರವ್ವನ ತೊಡೆಯ ಮೇಲಿಟ್ಟು, ಅವಳನ್ನು ಹಿಂದೆ ಕೂರಿಸಿಕೊಂಡು ಬೈಕಿನಲ್ಲಿ ಬರುತ್ತಿದ್ದ. ನೀನು ಎಡ ಬಿಟ್ಟು ಬಲಕ್ಕೆ ಬಂದೆ. ಅವನು ಹಾರಿ ಜೋಳದ ಹೊಲದಲ್ಲಿ ಬಿದ್ದ. ಅವಳು ಗಾಡಿಯ ಕೆಳಗೆ ಹೋದಳು. ಸದ್ದು ಕೇಳಿ ಹತ್ತಿರದ ಹೊಲದಿಂದ ನಾನು ಓಡಿ ಬಂದಾಗ ಹಿಂದಿನ ಟ್ರೇಲರ್‌ನ ಗಾಲಿ ಅವಳ ಸೊಂಟದ ಮೇಲೆ ಹತ್ತಿ ನಿಂತಿತ್ತು. ಮೇಲೆ ತುಂಬಿದ ಕಬ್ಬಿನ ಭಾರ. ಕೆಳಗೆ ರಕ್ತ, ರಕ್ತದಲ್ಲಿ ಒಡೆದ ಲಿಂಬೆಹಣ್ಣು. ಅವಳಿಗೆ ಇನ್ನೂ ಜೀವವಿತ್ತು. ಜ್ಯಾಕ್ ಎಲ್ಲಿ ಇಡಬೇಕೆಂದು ಅಲ್ಲಿದ್ದ ಯಾರಿಗೂ ತಿಳಿಯಲಿಲ್ಲ. ನಾನೇ ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋದೆ, ಅವಳ ಮುಖದಿಂದ ಒಂದು ಗೇಣು ದೂರದಲ್ಲಿ ಜ್ಯಾಕ್ ಇಟ್ಟೆ, ತಿರುವಿದೆ. ಗಾಲಿ ಮೇಲೇಳುವಾಗ ಎಲುಬಿನ ಸದ್ದು ಕೇಳಿತು. ನಿನ್ನ ಡೆಕ್ಕು ಇನ್ನೂ ಹಾಡುತ್ತಿತ್ತು, ಎಂಟು ಸ್ಪೀಕರ್ ಬಾಕ್ಸು, ನೆಲ ನಡುಗುತ್ತಿತ್ತು. ಅವಳು ನೀರು ಕೇಳಲಿಲ್ಲ, ದೇವರನ್ನು ಕರೆಯಲಿಲ್ಲ. "ಆ ಹಾಡ ಬಂದ್ ಮಾಡ್ರಿ ಯಪ್ಪಾ" ಅಂದಳು. ಬಟನ್ ಯಾವುದೆಂದು ನನಗೆ ಗೊತ್ತಿರಲಿಲ್ಲ. ವೈರನ್ನು ಕೈಯಿಂದ ಹರಿದು ಹಾಕಿ ತಿರುಗಿ ಬರುವಷ್ಟರಲ್ಲಿ ಅವಳು ಸತ್ತಿದ್ದಳು. ಆ ಬಾಕ್ಸುಗಳನ್ನು ಕೊಡಿಸಿದವನು ನಾನೇ, ಹೋದ ದಸರೆಗೆ.

ಜನ ಸೇರಿದರು. ಡ್ರೈವರ್ ಸಿಗದಿದ್ದಾಗ ಮಾಲೀಕ ಸಿಕ್ಕ. ಟ್ರೇಲರ್‌ನಿಂದಲೇ ಕಬ್ಬು ಎಳೆದು ಹೊಡೆದರು, ಕಬ್ಬು ಮುರಿದರೆ ಇನ್ನೊಂದು ಎಳೆದರು. ನಾನು ಕೈ ಅಡ್ಡ ಹಿಡಿಯಲಿಲ್ಲ. ಆಮೇಲೆ ಅವರು ಟ್ರ್ಯಾಕ್ಟರ್ ಒಡೆಯಲು ಶುರುಮಾಡಿದಾಗ ನಾನೂ ಎದ್ದು ಜ್ಯಾಕಿನ ಹಿಡಿ ತಗೊಂಡು ಬಾಕ್ಸುಗಳನ್ನು ಒಡೆದೆ. ಒಂದನ್ನೂ ಉಳಿಸಲಿಲ್ಲ. ಹುಚ್ಚು ಹಿಡಿದಿದೆ ಎಂದು ಅವರೇ ನನ್ನನ್ನು ಹಿಡಿದು ಕೂರಿಸಿದರು.

ನಿನ್ನೊಬ್ಬನನ್ನೇ ಬೈದರೆ ಅದು ಸುಳ್ಳಾಗುತ್ತದೆ. ಕಬ್ಬು ಒಣಗುತ್ತದೆ ಎನ್ನುವ ಹೆದರಿಕೆಗೆ ಹೊಲದವರು ಡ್ರೈವರನಿಗೆ ಖುಷಿ ಮಾಡುತ್ತಾರೆ. ನಮ್ಮ ಲೋಡು ಮೊದಲು ಎತ್ತಲಿ ಎಂದು ಕೋಳಿ ಕೊಯ್ಯುತ್ತಾರೆ, ಪಕ್ಕದಲ್ಲೊಂದು ಬಾಟಲಿ ಇಡುತ್ತಾರೆ. ನನ್ನ ಕಾಲದಲ್ಲೂ ಇತ್ತು. ನಾನು ಕೋಳಿ ತಿಂದು ಬಾಟಲಿಯನ್ನು ಕಬ್ಬು ಕಡಿಯುವವರಿಗೆ ಕೊಟ್ಟು ಬರುತ್ತಿದ್ದೆ, ನೀನೂ ಹಾಗೇ ಎಂದುಕೊಂಡೆ. ನವೆಂಬರಿನಲ್ಲಿ ಒಂದು ಸಂಜೆ ನಿನ್ನ ಬಾಯಿ ವಾಸನೆ ಹೊಡೆಯಿತು. ಕಪಾಳಕ್ಕೆ ಒಂದು ಕೊಟ್ಟೆ, ಅಷ್ಟೇ. ನಿನ್ನ ತಾಯಿ ಟ್ರ್ಯಾಕ್ಟರ್ ಕೀಲಿ ಕಸಿದುಕೊಳ್ಳಿರಿ ಎಂದು ಕಾಲು ಹಿಡಿದಳು. "ಸೀಜನ್ ಮುಗೀಲಿ, ಆಮ್ಯಾಲ ನೋಡ್ತೇನಿ" ಅಂದೆ. ಸೀಜನ್ ನನಗೆ ದೊಡ್ಡದಾಯಿತು. ನಮ್ಮ ಧರ್ಮದಲ್ಲಿ ನಿಷಿದ್ಧವಾದದ್ದನ್ನು ಕುಡಿದು ಬಂದ ಮಗನಿಗೆ ಮರುದಿನ ಬೆಳಿಗ್ಗೆ ನಾನೇ ಡೀಸೆಲ್ ತುಂಬಿಸಿಕೊಟ್ಟೆ. ಈ ಮಾತನ್ನು ಬರೆಯುವಾಗ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

ಈಗ ಶುಕ್ರವಾರದ ಸಂಗತಿ. ಸಿದ್ಧರಾಮ ಮನೆಗೆ ಬಂದ. ಕೊರಳಿಗೆ ಪಟ್ಟಿ, ಎಡಗೈ ಕಟ್ಟಿದ್ದಾರೆ. ಹೊಡೆಯಲು ಬಂದನೆಂದು ನಾನು ಎದ್ದು ನಿಂತೆ, ಹೊಡೆದಿದ್ದರೆ ನನಗೆ ಹಗುರಾಗುತ್ತಿತ್ತು. ಅವನು ಕಟ್ಟೆಯ ಮೇಲೆ ಕೂತ, ನೀರು ಕೇಳಿ ಕುಡಿದ. ಆಮೇಲೆ ಹೇಳಿದ, "ನಿನ್ನ ಮಗನ್ನ ನಾ ನೋಡೀನಿ ಇಬ್ರಾಹಿಂ. ಮೊಬೈಲ ಮುಖದ ಮುಂದ ಹಿಡದಿದ್ದ, ಅದನ್ನ ನೋಡಿ ನಗಾಕತ್ತಿದ್ದ. ಪೊಲೀಸರಿಗೆ ಇನ್ನೂ ಹೇಳಿಲ್ಲ. ಸೋಮವಾರ ನೀ ಏನ್ ಹೇಳ್ತಿ, ನಾನೂ ಅದನ್ನ ಹೇಳ್ತೇನಿ. ಹೋದಾಕಿ ತಿರುಗಿ ಬರೂದಿಲ್ಲ. ಅಂವಾ ಇನ್ನ ಗಾಡಿ ಮುಟ್ಟೂದಿಲ್ಲಂತ ಒಂದ ಮಾತು ಕೊಡು, ಸಾಕು." ಹೆಂಡತಿಯನ್ನು ಮಣ್ಣು ಮಾಡಿ ಹದಿಮೂರು ದಿನವಾಗಿದೆ, ಆ ಮನುಷ್ಯ ನಿನ್ನನ್ನು ಉಳಿಸಲು ನಮ್ಮ ಕಟ್ಟೆಗೆ ಬಂದು ಕೂತಿದ್ದ.

ಮಾತು ಕೊಡಲು ನಾನು ಕೈ ಚಾಚಿದೆ. ಅಷ್ಟರಲ್ಲಿ ನಿನ್ನ ಅಕ್ಕ ಶಾಹಿಸ್ತಾ ಒಳಗಿನಿಂದ ಬಂದು ಚಾಚಿದ ಕೈಯಲ್ಲಿ ತನ್ನ ಮೊಬೈಲ್ ಇಟ್ಟಳು. "ಅಬ್ಬಾ, ಮೊದಲ ಇದನ್ನ ನೋಡ್ರಿ, ಆಮ್ಯಾಲ ಮಾತು ಕೊಡ್ರಿ" ಅಂದಳು. ಬುಧವಾರ ನೀನು ಹಾಕಿದ ರೀಲ್ಸ್. ಯಾಕೂಬಸಾಬನ ಗೂಡ್ಸ್ ಗಾಡಿ, ಹಿಂದೆ ತೊಗರಿ ಚೀಲ, ಬಸವನ ಬಾಗೇವಾಡಿಯ ರಸ್ತೆ. ಒಂದು ಕೈ ಸ್ಟೇರಿಂಗ್ ಮೇಲೆ, ಇನ್ನೊಂದರಲ್ಲಿ ಮೊಬೈಲು. ಕಣ್ಣು ರಸ್ತೆಯ ಮೇಲಿಲ್ಲ. ಹಾಡುತ್ತಿದ್ದೀಯ, ನಗುತ್ತಿದ್ದೀಯ. ಎದುರಿನಿಂದ ಒಬ್ಬ ಹೆಂಗಸು ತಲೆಯ ಮೇಲೆ ಮೇವಿನ ಹೊರೆ ಹೊತ್ತು ಬರುತ್ತಾಳೆ, ನಿನ್ನ ಗಾಡಿ ಅವಳನ್ನು ಸವರಿಕೊಂಡು ಹೋಗುತ್ತದೆ, ಅವಳು ಹೊರೆ ಬಿಟ್ಟು ಚರಂಡಿಗೆ ಹಾರುತ್ತಾಳೆ. ನಿನಗೆ ಅದು ಗೊತ್ತೇ ಆಗಿಲ್ಲ. ಸಾವಂತ್ರವ್ವ ಸತ್ತು ಹನ್ನೊಂದನೆಯ ದಿನಕ್ಕೆ. ಸಣ್ಣವನಿದ್ದಾಗ ನಾನು ಲಾರಿಯಿಂದ ಬರುವವರೆಗೆ ನಿನಗೆ ಉಣ್ಣಿಸುತ್ತಿದ್ದ ಸಾವಂತ್ರವ್ವ.

ಸಿದ್ಧರಾಮನೂ ನೋಡಿದ. "ಬರ್ತೇನಿ" ಎಂದು ಎದ್ದು ಹೋದ. ನಾನು ಮಾತು ಕೊಡಲಿಲ್ಲ, ಅವನೂ ಮತ್ತೆ ಕೇಳಲಿಲ್ಲ. ನಾಳೆ ಠಾಣೆಯಲ್ಲಿ ನನ್ನ ಬಾಯಿಂದ ಯಾವ ಹೆಸರು ಬರುತ್ತದೆಂದು ನಿನ್ನ ತಾಯಿಗೂ ಹೇಳಿಲ್ಲ. ಮಗಾ, ನಿನ್ನನ್ನು ಕಂಡರೆ ನನಗೆ ಸಿಟ್ಟಿದೆ, ಕತ್ತು ಹಿಸುಕುವಷ್ಟು ಸಿಟ್ಟು. ಅದಕ್ಕಿಂತ ಹೆಚ್ಚು ಹೆದರಿಕೆಯಿದೆ. ಆ ಹೊರೆಯ ಹೆಂಗಸು ಯಾರ ಮನೆಯವಳೋ ಏನೋ.

ನಿನ್ನ ತಾಯಿಯ ದುವಾ ಇದೆ. ಶಾಹಿಸ್ತಾ ಏನೂ ಬರೆಯಬೇಡಿ ಎಂದಿದ್ದಾಳೆ, ಆದರೂ ಅವಳ ಸಲಾಮ್. ಅಲ್ಲಾಹ್ ನಿನಗೆ ಬುದ್ಧಿ ಕೊಡಲಿ, ನನ್ನನ್ನು ಕ್ಷಮಿಸಲಿ.

ನಿನ್ನ ತಂದೆ,
ಇಬ್ರಾಹಿಂಸಾಬ

ತಾ.ಕ.: ಸೋಮವಾರ, ಮುದ್ದೇಬಿಹಾಳ, ಮಧ್ಯಾಹ್ನ ಮೂರು. ಕಾಗದವನ್ನು ಪೋಸ್ಟಿಗೆ ಹಾಕಲಿಲ್ಲ. ಬೆಳಿಗ್ಗೆ ಠಾಣೆಯಲ್ಲಿ ನಿನ್ನ ಹೆಸರು ಹೇಳಿದೆ. ಕುಡಿಯುತ್ತಾನೆಂದು ಗೊತ್ತಿದ್ದೂ, ಲೈಸೆನ್ಸ್ ಇಲ್ಲವೆಂದು ಗೊತ್ತಿದ್ದೂ ಗಾಡಿ ಕೊಟ್ಟವನು ನಾನೆಂದೂ ಬರೆಸಿದ್ದೇನೆ. ಕೋರ್ಟಿನಲ್ಲಿ ನಿನ್ನ ಪಕ್ಕ ನಾನೂ ನಿಲ್ಲುತ್ತೇನೆ. ಇದನ್ನು ಸೈದಾಬಿಯ ಕೈಯಲ್ಲಿ ಒಳಗೆ ಕಳಿಸುತ್ತಿದ್ದೇನೆ. ಓದಿ ಮುಗಿಸಿ, ಮುಖ ತೊಳೆದುಕೊಂಡು ಹೊರಗೆ ಬಾ. ಮುಂಬಾಗಿಲಲ್ಲಿ ನಾನು ಮತ್ತು ಹವಾಲ್ದಾರರು ಇದ್ದೇವೆ. ಹಿತ್ತಲ ಕಡೆ ಓಡಬೇಡ, ಅಲ್ಲಿ ಸಿದ್ಧರಾಮ ನಿಂತಿದ್ದಾನೆ. ಅವನಿಗೀಗ ಒಂದೇ ಕೈ ಆಡುತ್ತದೆ, ನೀನು ನೂಕಿದರೆ ಬೀಳುತ್ತಾನೆ. ನೂಕಬೇಡ ಮಗಾ.